ಕ್ಲಿಫರ್ಡ್ ಹೆಲಿವೆಲ್ಲನ ಕುಟ್ಟಾಣಿ

ಕ್ಲಿಫರ್ಡ್ ಹೆಲಿವೆಲ್ಲನ ಬಲಗಿವಿ ಪೂರ್ತಿ ಹೋಗಿದೆ. ಎಡಗಿವಿ ತನಗೆ ಬೇಕಾದದ್ದನ್ನು ಮಾತ್ರ ಕೇಳಿಸಿಕೊಳ್ಳುತ್ತದೆ. ವಯಸ್ಸಾಯಿತಲ್ಲ ಅನ್ನಬೇಡಿ. ಅರವತ್ತೆಂಟು ಏನು ಮಹಾ ವಯಸ್ಸು! ಯಾರ್ಕ್‌ಶೈರಿನ ನಮ್ಮ ಕಣಿವೆಯಲ್ಲಿ ಅರವತ್ತೆಂಟಕ್ಕೆ ಗಂಡಸರು ಎರಡನೇ ಮದುವೆಗೆ ಸೂಟು ಹೊಲಿಸುತ್ತಾರೆ. ಅವನ ಕಿವಿ ತಿಂದದ್ದು ಅವನ ಲಾರಿ. ಅದರಲ್ಲೂ ಲಾರಿಯ ಸೀಟಿನ ಅಡಿಗೇ ಕೂತಿರುವ, ಸಾವಿರದ ಒಂಬೈನೂರ ಅರವತ್ತೊಂದನೇ ಇಸವಿಯ ಆ ಟೂ ಸ್ಟ್ರೋಕ್ ಡೀಸೆಲ್ ಎಂಜಿನ್ನು.

ಮೂರು ಸಿಲಿಂಡರು, ಆರು ಪಿಸ್ಟನ್ನು. ಒಂದೊಂದು ಸಿಲಿಂಡರಿನೊಳಗೆ ಎರಡೆರಡು ಪಿಸ್ಟನ್ನು ಎದುರುಬದುರು ನುಗ್ಗಿ ಬಂದು, ಇನ್ನೇನು ಹಣೆ ಹಣೆ ಜಜ್ಜಿಕೊಳ್ಳಬೇಕು ಅನ್ನುವಾಗ ವಾಪಸು ಓಡುತ್ತವೆ. ಲೋಕದ ಮರ್ಯಾದಸ್ಥ ನಾಲ್ಕು ಸ್ಟ್ರೋಕಿನ ಡೀಸೆಲ್ ಎಂಜಿನ್ನುಗಳು ಒಂದು ಸುತ್ತು ದುಡಿದು ಒಂದು ಸುತ್ತು ಸುಧಾರಿಸಿಕೊಳ್ಳುತ್ತವೆ. ಇದಕ್ಕೆ ಸುಧಾರಿಸಿಕೊಳ್ಳುವ ಅಭ್ಯಾಸವಿಲ್ಲ. ಪ್ರತಿ ಸುತ್ತಿಗೂ ಗುದ್ದುತ್ತದೆ. ಆ ಸದ್ದು ಕೇಳಿಯೇ ನಮ್ಮ ಕಡೆಯ ಡ್ರೈವರುಗಳು ಅದಕ್ಕೆ ಕುಟ್ಟಾಣಿ ಎಂದು ಹೆಸರಿಟ್ಟರು. ಒಂದು ಕಾಲಕ್ಕೆ ಊರಿಗೆ ಇಪ್ಪತ್ತಿದ್ದವು. ಮಾಡುತ್ತಿದ್ದ ಕಾರ್ಖಾನೆ ನಿಂತು ಎಷ್ಟೋ ಕಾಲವಾಯಿತು. ಈಗ ಕಣಿವೆಗೆಲ್ಲ ಕ್ಲಿಫರ್ಡನದೊಂದೇ. ಅದರ ಹೊಟ್ಟೆಯೊಳಗೆ ತಿರುಗುವ ಕ್ರ್ಯಾಂಕು ದಂಡ ಮುರಿದರೆ ಇನ್ನೊಂದು ಕ್ರ್ಯಾಂಕು ಸ್ಕಾಟ್ಲೆಂಡಿನಿಂದ ಕಾರ್ನ್‌ವಾಲಿನವರೆಗೆ ಯಾವ ಶೆಡ್ಡಿನಲ್ಲೂ ಇಲ್ಲ. ಹೇಗೆ ಗೊತ್ತು ಅಂದರೆ, ಅಷ್ಟೂ ಶೆಡ್ಡುಗಳಿಗೆ ಕ್ಲಿಫರ್ಡ್ ಸ್ವತಃ ನುಗ್ಗಿ ನೋಡಿ ಬಂದಿದ್ದಾನೆ. ಅದಕ್ಕಾಗಿ ಹೆಂಡತಿ ಡೊರೀನಳ ಮೂವತ್ತು ಬೇಸಿಗೆ ರಜೆಗಳು ಹಾಳಾಗಿವೆ.

ಈ ಎಂಜಿನ್ನಿಗೆ ಎರಡು ಕೆಟ್ಟ ಚಾಳಿ. ಒಂದು, ನಿಧಾನ ಅಂದರೆ ಆಗದು. ಏರಿನಲ್ಲಿ ಜೋರಾಗಿ ತಿರುಗುತ್ತಿದ್ದರೆ ಬೆಟ್ಟವನ್ನೇ ಎಳೆಯುತ್ತದೆ, ಸ್ವಲ್ಪ ವೇಗ ಇಳಿಯಿತೋ, ಮುನಿಸಿಕೊಂಡು ನಿಂತುಬಿಡುತ್ತದೆ. ಎರಡನೆಯದು ಇನ್ನೂ ವಿಚಿತ್ರ. ಯಾವ ದಿಕ್ಕಿಗೆ ತಿರುಗಬೇಕೆಂಬ ಖಬರೇ ಇಲ್ಲ. ಉಲ್ಟಾ ತಿರುಗಿಸಿದರೆ ಉಲ್ಟಾ ಹೊತ್ತಿಕೊಂಡು ಅಷ್ಟೇ ಖುಷಿಯಾಗಿ ಓಡುತ್ತದೆ. ಆಗ ಹೊಗೆಕೊಳವೆಯಿಂದ ಗಾಳಿ ಒಳಕ್ಕೆ ಹೋಗಿ, ಗಾಳಿ ಸೇದುವ ಬಾಯಿಂದ ಹೊಗೆ ಹೊರಕ್ಕೆ ಬರುತ್ತದೆ. ಮುಂದಿನ ಗೇರು ಹಾಕಿದರೆ ಲಾರಿ ಹಿಂದಕ್ಕೆ, ಹಿಂದಿನ ಗೇರಿಗೆ ಮುಂದಕ್ಕೆ. ಇಷ್ಟಾದರೆ ತಮಾಷೆ ಅನ್ನಬಹುದಿತ್ತು. ಆದರೆ ಎಣ್ಣೆಯ ಪಂಪೂ ಉಲ್ಟಾ ತಿರುಗುತ್ತದಲ್ಲ, ಒಳಗೆ ಒಂದು ಹನಿ ಎಣ್ಣೆ ಏರುವುದಿಲ್ಲ. ತಕ್ಷಣ ಆರಿಸಬೇಕು, ಇಲ್ಲವೇ ನಾಲ್ಕೈದು ನಿಮಿಷದಲ್ಲಿ ಎಂಜಿನ್ನು ಒಣಗಿ, ಕಚ್ಚಿಕೊಂಡು, ಕಥೆ ಮುಗಿಯುತ್ತದೆ.

ಹಳೇ ಲಾರಿ ಸಂಘದ ಸಭೆಗಳಲ್ಲಿ ಕ್ಲಿಫರ್ಡ್ ಇದನ್ನೇ ಭಾಷಣ ಬಿಗಿಯುತ್ತಿದ್ದ. "ಏರಲ್ಲಿ ನಿಂತುಹೋಯ್ತು ಅಂತಿಟ್ಕೊಳ್ಳಿ. ಹಿಂದಕ್ಕೆ ಉರುಳಿಸಿ ಸ್ಟಾರ್ಟ್ ಮಾಡೋವಾಗ ರಿವರ್ಸ್ ಗೇರಲ್ಲೇ ಮಾಡ್ಬೇಕು. ಮುಂದಿನ ಗೇರಲ್ಲಿ ಮಾಡಿದ್ರೆ ಉಲ್ಟಾ ಹೊತ್ಕೊಳುತ್ತೆ. ಅಂಥ ಕತ್ತೆ ಕೆಲಸ ಮಾಡಿದೋನಿಗೆ ಲೈಸೆನ್ಸ್ ಕೊಡಬಾರದು." ಸಂಘದ ಸದಸ್ಯರಿಗೆ ಈ ಭಾಷಣ ಬಾಯಿಪಾಠವಾಗಿತ್ತು. ಕೆಲವರು ಅವನ ಜೊತೆಜೊತೆಗೇ ತುಟಿ ಆಡಿಸುತ್ತಿದ್ದರು.

ಉರುಳಿಸಿ ಸ್ಟಾರ್ಟ್ ಮಾಡುವುದರಲ್ಲಿ ಅವನನ್ನು ಮೀರಿಸುವವರಿರಲಿಲ್ಲ. ಸ್ಟಾರ್ಟರ್ ಮೋಟಾರು ಸತ್ತು ಹನ್ನೊಂದು ವರ್ಷವಾಗಿತ್ತು. ರಿಪೇರಿ ಮಾಡಿಸು ಅಂದರೆ, ಮನೆಯಂಗಳವೇ ಇಳಿಜಾರಾಗಿರುವಾಗ ಮೋಟಾರು ಯಾತಕ್ಕೆ ಅನ್ನುತ್ತಿದ್ದ. ಪ್ರತಿ ಭಾನುವಾರ ಬೆಳಿಗ್ಗೆ ಒಂಬತ್ತಕ್ಕೆ ಬ್ರೇಕು ಬಿಟ್ಟು, ಎರಡನೇ ಗೇರಿನಲ್ಲಿ ಕೆಳಕ್ಕೆ ಉರುಳಿ, ಕ್ಲಚ್ಚು ಬಿಟ್ಟರೆ ಧಡ್ ಅಂತ ಹೊತ್ತಿಕೊಳ್ಳುತ್ತಿತ್ತು. ಕಾಲು ಗಂಟೆ ಹಾಗೇ ಓಡಿಸುತ್ತಿದ್ದ. ಆ ಕಾಲು ಗಂಟೆ ಕಣಿವೆಯಲ್ಲಿ ಯಾರೂ ಯಾರ ಜೊತೆಗೂ ಮಾತಾಡುವ ಹಾಗಿರಲಿಲ್ಲ. ಪ್ರಾರ್ಥನೆ ದೇವರಿಗೆ ಕೇಳಿಸುತ್ತಿಲ್ಲವೆಂದು ಚರ್ಚಿನವರು ದೂರು ಹೇಳಿಕೊಂಡು ಬಂದಾಗ ಕ್ಲಿಫರ್ಡ್, "ಹಾಗಾದ್ರೆ ಅವನಿಗೂ ನನ್ನ ಥರಾನೇ ಕಿವಿ ಹೋಗಿದೆ. ಸ್ವಲ್ಪ ಗಟ್ಟಿಯಾಗಿ ಕೂಗಿ," ಎಂದು ಕಳಿಸಿಬಿಟ್ಟಿದ್ದ.

ಇಂಥವನಿಗೆ ಒಬ್ಬನೇ ಆಪ್ತ ಸ್ನೇಹಿತ. ಅವನೇ ಅವನ ದೊಡ್ಡ ಶತ್ರು ಕೂಡ. ಸೆಲ್ವಿನ್ ಗ್ರೀನ್‌ವುಡ್ ಕಣಿವೆಯ ಆಚೆ ಮಗ್ಗುಲಲ್ಲಿ, ನೆಟ್ಟಗೆ ಎದುರಿಗೆ ಇದ್ದವನು. ಬಸ್ ಡಿಪೋದಲ್ಲಿ ಮೆಕ್ಯಾನಿಕ್ಕಾಗಿ ನಿವೃತ್ತನಾದವನು. ಇಬ್ಬರೂ ಐದನೇ ವಯಸ್ಸಿನಲ್ಲಿ ಶಾಲೆಯ ಬೆಂಚಿನ ಮೇಲೆ ಅಕ್ಕಪಕ್ಕ ಕೂತು ಜಗಳ ಶುರು ಮಾಡಿದ್ದು, ಅರವತ್ತು ದಾಟಿದರೂ ಮುಗಿದಿರಲಿಲ್ಲ. ಸೆಲ್ವಿನ್ ನಾಲ್ಕು ಸ್ಟ್ರೋಕಿನ ಭಕ್ತ. ಅವನ ಶೆಡ್ಡಿನಲ್ಲೊಂದು ಹಳೇ ಲಾರಿ, ಬೆಕ್ಕು ಗೊರಕೆ ಹೊಡೆದ ಹಾಗೆ ಓಡುವಂಥದ್ದು. ಅವನ ಹೆಂಡತಿ ಐರೀನಳ ಅಡುಗೆಮನೆ ಮೇಜಿನ ಮುಂದೆ ಟೀ ಕುಡಿಯುತ್ತ, ಶುಂಠಿ ಕೇಕು ಮುಕ್ಕುತ್ತ, ಇಬ್ಬರೂ ನಲವತ್ತು ವರ್ಷ ಒಂದೇ ವಾದ ಮಾಡಿದರು.

"ಎತ್ತ ತಿರುಗಬೇಕು ಅಂತಾನೇ ಗೊತ್ತಿಲ್ಲದ ಎಂಜಿನ್ನನ್ನ ಎಂಜಿನ್ನು ಅಂತಾರೇನೋ?" ಎಂದು ಸೆಲ್ವಿನ್ ಕೆಣಕುತ್ತಿದ್ದ.

"ನಿಂದು ಎಂಜಿನ್ನಲ್ಲ ಕಣೋ, ಹೊಲಿಗೆ ಮಿಷನ್ನು. ಐರೀನ್, ಇವನ ಲಾರೀಲಿ ಒಂದು ಲಂಗ ಹೊಲ್ಕೊ."

"ಕ್ರಾಗ್ ಬ್ಯಾಂಕ್ ಏರಿನಲ್ಲಿ ಒಂದೇ ಒಂದ್ಸಲ ನಿಲ್ಲದೆ ಹತ್ತಿಸಿ ತೋರಿಸು, ಆಮೇಲೆ ಮಾತಾಡು."

"ಹತ್ತು ಸಲ ಹತ್ತಿಸಿದ್ದೀನಿ!"

"ನಾನು ನೋಡಿಲ್ಲ. ನಾನು ನೋಡದೆ ಇರೋದು ನಡೆದೇ ಇಲ್ಲ."

ಆ ವರ್ಷ ಸೆಪ್ಟೆಂಬರಿನಲ್ಲಿ ಸೆಲ್ವಿನ್ ಆಸ್ಪತ್ರೆ ಸೇರಿದ. ಹೊಟ್ಟೆಯೊಳಗೆ ಏನೋ ಬೆಳೆದಿತ್ತು, ಡಾಕ್ಟರು ಅದನ್ನು ಮುಟ್ಟುವುದಿಲ್ಲ ಎಂದರು. ಕ್ಲಿಫರ್ಡ್ ನೋಡಲು ಹೋದಾಗ ಹಾಸಿಗೆಯಲ್ಲಿ ಸೆಲ್ವಿನ್ ಅರ್ಧವೇ ಉಳಿದಿದ್ದ. ನಾಲಿಗೆ ಮಾತ್ರ ಪೂರ್ತಿ ಇತ್ತು.

"ಕೇಳಿಲ್ಲಿ. ನನ್ನ ಸುಡೋಕೆ ಕ್ರಾಗ್ ಬ್ಯಾಂಕ್ ಏರಿನ ಮೇಲಿರೋ ಚಿತಾಗಾರಕ್ಕೇ ಒಯ್ಯಬೇಕು. ಹೆಣ ಹೊರೋ ಆ ಉಟ್ಲಿಯ ಕರಿ ಕಾರು ನನಗೆ ಬೇಡ. ಅದರಲ್ಲಿ ಹೋದ್ರೆ ಯಾವನೋ ಬ್ಯಾಂಕ್ ಮ್ಯಾನೇಜರು ಸತ್ತ ಅನ್ಕೋತಾರೆ. ನಿನ್ನ ಲಾರೀಲಿ ಹೋಗ್ತೀನಿ."

"ನಿನ್ನದೇ ಇದೆಯಲ್ಲೋ, ಶೆಡ್ಡಲ್ಲಿ ಮಹಾರಾಣಿ ಥರ ಕೂತಿದೆ."

"ಅದನ್ನ ಹೆಣ ಹೊರೋಕೆ ಕಳಿಸ್ತೀನಾ? ಮಾನವಂತ ಗಾಡಿ ಅದು. ನಿಂದು ಹೇಗೂ ಅರ್ಧ ಸತ್ತಿದೆ, ನನಗೆ ಜೊತೆ ಆಗುತ್ತೆ." ಸೆಲ್ವಿನ್ ಉಸಿರು ಎಳೆದುಕೊಂಡ. "ಎರಡು ಗಂಟೆ ಅಂದ್ರೆ ಎರಡು ಗಂಟೆಗೆ ಬಾಗಿಲಲ್ಲಿರ್ಬೇಕು. ಅದರ ಸ್ವಂತ ಎಂಜಿನ್ ಮೇಲೇ ಹತ್ತಬೇಕು. ಯಾರೂ ಎಳೆಯೋ ಹಾಗಿಲ್ಲ, ತಳ್ಳೋ ಹಾಗಿಲ್ಲ. ದಾರೀಲಿ ಕೈಕೊಟ್ಟು ನನ್ನ ಉಟ್ಲಿ ಕಾರಿಗೆ ಹಾಕಿದ್ರೋ, ನೀನು ಎಲ್ಲರ ಮುಂದೆ ನಿಂತು ಹೇಳ್ಬೇಕು, ನಾಲ್ಕು ಸ್ಟ್ರೋಕೇ ಮೇಲು, ಸೆಲ್ವಿನ್ ಹೇಳಿದ್ದೇ ಸರಿ ಅಂತ."

"ಹೇಳ್ತೀನಿ ಹೋಗೋ. ಅಂಥ ದಿನ ಬಂದ್ರೆ ತಾನೇ."

"ಮಾತು ಕೊಡು."

ಕ್ಲಿಫರ್ಡ್ ಕೈ ಕೊಟ್ಟ. ಸೆಲ್ವಿನ್ನನ ಕೈಯಲ್ಲಿ ತೂಕವೇ ಇರಲಿಲ್ಲ. ಕ್ಲಿಫರ್ಡನಿಗೆ ಅಳು ನುಗ್ಗಿ ಬಂತು, ಕೆಮ್ಮು ಬಂದವನ ಹಾಗೆ ನಟಿಸಿ ಹೊರಗೆ ಹೋದ. ಒಂಬತ್ತು ದಿನಕ್ಕೆ ಸೆಲ್ವಿನ್ ತೀರಿಕೊಂಡ.

ಆ ವಾರವಿಡೀ ಕ್ಲಿಫರ್ಡ್ ಲಾರಿಯ ಕೆಳಗೇ ವಾಸ ಮಾಡಿದ. ಎಣ್ಣೆ ಬದಲಾಯಿಸಿದ, ಫಿಲ್ಟರು ತೊಳೆದ, ಮುಂದಿನ ಹಿತ್ತಾಳೆ ಅಕ್ಷರಗಳನ್ನು ಉಜ್ಜಿ ಉಜ್ಜಿ ಸವೆಸಿದ. ಡೊರೀನ್ ಅಡುಗೆಮನೆ ಕಿಟಕಿಯಿಂದ ನೋಡುತ್ತಿದ್ದಳು. "ನನ್ನನ್ನ ಒಂದ್ಸಲನಾದ್ರೂ ಹೀಗೆ ಉಜ್ಜಿದ್ರೆ ನಾನೂ ಹೊಳೀತಿದ್ದೆ ಮಾರಾಯ," ಅಂದಳು. ಆದರೂ ಮಾರನೇ ದಿನ ಒಂದು ಬಕೆಟ್ಟು ಬಿಸಿನೀರು ತಂದು ತಾನೂ ಚಕ್ರ ತೊಳೆಯಲು ಕೂತಳು. ಸೆಲ್ವಿನ್ ಅವಳ ಮದುವೆಗೆ ಕುಡಿದು ಬಂದು ಕೇಕಿನ ಮೇಲೆ ಬಿದ್ದವನು. ಅವನ ಮೇಲೆ ಅವಳಿಗೂ ಪ್ರೀತಿಯಿತ್ತು.

ತೊಂದರೆ ಕೊಟ್ಟವನು ಉಟ್ಲಿ. ನಮ್ಮೂರಿನ ಶವಸಂಸ್ಕಾರವೆಲ್ಲ ಅವನ ಉಸ್ತುವಾರಿ. ಎತ್ತರದ ಕರಿ ಟೋಪಿ, ಬೆಳ್ಳಿ ಹಿಡಿಯ ಕೋಲು, ಮಂಜುಗಡ್ಡೆಯಂಥ ಬಿಳಿ ಅಂಗಿ. ಶವಪೆಟ್ಟಿಗೆ ಹೊತ್ತ ಗಾಡಿಯ ಮುಂದೆ ಆ ಟೋಪಿ ಕೋಲು ಹಿಡಿದು ಹೆಜ್ಜೆ ಹಾಕುವುದು ಅವನ ಮನೆತನದ ಪದ್ಧತಿ. ಅವನು ನಡೆದರೇ ಸತ್ತವನು ಮರ್ಯಾದೆಯಾಗಿ ಸತ್ತ ಎಂದು ಊರಿನ ಲೆಕ್ಕ. ಮೊದಲೇ ಕ್ಲಿಫರ್ಡ್ ಅವನನ್ನು ಕೂರಿಸಿಕೊಂಡು ಬಿಡಿಸಿ ಹೇಳಿದ.

"ಐರೀನ್ ಮನೆಯಿಂದ ಬೀದಿ ಕೊನೇ ತನಕ ಇಳಿಜಾರು. ಅಲ್ಲಿ ನಡೀರಿ, ಬೇಕಾದ್ರೆ ಕುಣೀರಿ. ಆದ್ರೆ ಏರಲ್ಲಿ ಮಾತ್ರ ಬೇಡ. ನನ್ನ ಲಾರಿ ನಡಿಗೆ ವೇಗದಲ್ಲಿ ಏರಿದ್ರೆ ನಿಂತುಹೋಗುತ್ತೆ. ಅರ್ಥ ಆಯ್ತಾ?"

"ಅರ್ಥವಾಯ್ತು ಹೆಲಿವೆಲ್ಲರೇ. ಮೂರು ತಲೆಮಾರಿಂದ ಇದೇ ಕೆಲಸ ಮಾಡ್ತಾ ಇದ್ದೀವಿ. ತಾವು ಚಿಂತೆ ಮಾಡ್ಬೇಡಿ," ಎಂದ ಉಟ್ಲಿ. ಮೂರು ತಲೆಮಾರಿನಿಂದ ಅದೇ ಕೆಲಸ ಮಾಡಿದವನಿಗೆ ಹೊಸ ಮಾತು ಕಿವಿಯ ಒಳಗೆ ಇಳಿಯುವುದೇ ಇಲ್ಲ ಎಂಬುದು ಕ್ಲಿಫರ್ಡನಿಗೆ ಹೊಳೆಯಬೇಕಿತ್ತು. ತಾನೂ ಅದೇ ಜಾತಿಯವನಲ್ಲವೇ.

ಗುರುವಾರ ಮಧ್ಯಾಹ್ನ ಮಳೆ ನಿಂತಿತ್ತು. ಲಾರಿಯ ಹಿಂದಿನ ಹಲಗೆಯ ಮೇಲೆ ಪೆಟ್ಟಿಗೆ ಇಟ್ಟು ಕ್ಲಿಫರ್ಡ್ ತಾನೇ ಹಗ್ಗ ಬಿಗಿದ, ಲಾರಿಯವರು ಸರಕಿಗೆ ಹಾಕುವ ಗಂಟೇ ಹಾಕಿ. ಐರೀನ್ ಬಂದು ಒಂದೊಂದು ಹಗ್ಗವನ್ನೂ ಬೆರಳಲ್ಲಿ ಮಿಡಿದು ನೋಡಿದಳು. "ಬಲಗಡೆದು ಸಡಿಲ ಇದೆ. ಅವನಿದ್ದಿದ್ರೆ ಬೈತಿದ್ದ," ಅಂದಳು. ಕ್ಲಿಫರ್ಡ್ ಬಿಚ್ಚಿ ಮತ್ತೆ ಬಿಗಿದ. ಮುಂದೆ ಮೂರು ಜನ ಕೂರುವ ಸೀಟು. ಕ್ಲಿಫರ್ಡ್, ಪಕ್ಕದಲ್ಲಿ ಐರೀನ್, ಬಾಗಿಲ ಕಡೆ ತೊಡೆಯ ಮೇಲೆ ಟೋಪಿ ಇಟ್ಟುಕೊಂಡ ಉಟ್ಲಿ. ಹಿಂದೆ ಉಟ್ಲಿಯ ಕರಿ ಕಾರು ಖಾಲಿ ಬರುತ್ತಿತ್ತು. ಯಾಕೆ ಅಂದರೆ "ಯಾವುದಕ್ಕೂ ಇರಲಿ ಅಂತ." ಅದರ ಹಿಂದೆ ಡೊರೀನಳ ಕಾರು, ಸಂಘದವರು, ಡಿಪೋದವರು.

ಇಳಿಜಾರಿನಲ್ಲಿ ಉರುಳಿ ಕುಟ್ಟಾಣಿ ಹೊತ್ತಿಕೊಂಡಾಗ ಇಡೀ ಬೀದಿಯ ಕಿಟಕಿ ಗಾಜು ನಡುಗಿತು. ಬೀದಿಯಲ್ಲಿ ಉಟ್ಲಿ ನಡೆದ, ಬೀದಿಯ ಕೊನೆಗೆ ಹತ್ತಿ ಕೂತ. ಅಲ್ಲಿಂದ ಕ್ಲಿಫರ್ಡ್ ಬಿಟ್ಟ ನೋಡಿ! ಊರು, ನದಿ, ಸೇತುವೆ ಎಲ್ಲ ಹಿಂದಕ್ಕೆ ಓಡಿದವು. ಕ್ರಾಗ್ ಬ್ಯಾಂಕಿನ ಏರಿಗೆ ಎಂಜಿನ್ನು ಗಂಟಲು ಬಿಚ್ಚಿ ಹಾಡಿತು. ಗಂಟೆ ಒಂದೂ ಐವತ್ತು. ಮುಕ್ಕಾಲು ಏರು ಮುಗಿದೇ ಹೋಗಿತ್ತು. ಕ್ಲಿಫರ್ಡ್ ಹಿಂದಿನ ಕಿಟಕಿಗೆ ಕತ್ತು ತಿರುಗಿಸಿ, "ನೋಡ್ದೇನೋ, ಹೊಲಿಗೆ ಮಿಷನ್ನು!" ಎಂದು ಪೆಟ್ಟಿಗೆಗೆ ಕೂಗಿದ. ಐರೀನ್ ಮೊದಲ ಸಲ ನಕ್ಕಳು.

ಚಿತಾಗಾರದ ಗೇಟು ಕೊನೆಯ ತಿರುವಿನಲ್ಲಿದೆ. ಅಲ್ಲಿಂದ ಬಾಗಿಲವರೆಗೆ ಮುನ್ನೂರು ಗಜ ಕಡಿದಾದ ಏರು. ತಿರುವಿಗೆಂದು ಕ್ಲಿಫರ್ಡ್ ಚೂರು ವೇಗ ಇಳಿಸಿದ್ದೇ ತಡ, ಉಟ್ಲಿ ಬಾಗಿಲು ತೆಗೆದು ಇಳಿದುಬಿಟ್ಟ. ತಲೆಗೆ ಟೋಪಿ, ಕೈಗೆ ಕೋಲು. ಗೇಟಿನಿಂದ ಬಾಗಿಲಿಗೆ ನಡೆಯುವುದು ಅವನ ಅಪ್ಪನ ಕಾಲದ ಪದ್ಧತಿ, ಅವನ ಅಜ್ಜನ ಕಾಲದ ಪದ್ಧತಿ. ಲಾರಿಯ ಮೂತಿಗೆ ಸರಿಯಾಗಿ ಹತ್ತಡಿ ಮುಂದೆ, ರಸ್ತೆಯ ನಟ್ಟನಡುವೆ ನಿಂತು, ಒಂದು ಹೆಜ್ಜೆ ಇಟ್ಟ. ನಿಂತ. ಇನ್ನೊಂದು ಹೆಜ್ಜೆ ಇಟ್ಟ.

"ಏ! ದಾರಿ ಬಿಡಯ್ಯಾ! ಹೇಳಿರ್ಲಿಲ್ವಾ ನಿನಗೆ!" ಕ್ಲಿಫರ್ಡ್ ಬಾಯಿ ಬಡಿದುಕೊಂಡ. ಆ ಸದ್ದಿನಲ್ಲಿ ಯಾರಿಗೆ ಕೇಳಬೇಕು. ಹಾರ್ನಿನ ಮೇಲೆ ಕೈ ಹೋಯಿತು, ಅಲ್ಲೇ ನಿಂತಿತು. ಊರಿನಲ್ಲಿ ಏನೇ ಕೆಟ್ಟ ಹೆಸರಿರಲಿ, ಶವಯಾತ್ರೆಯಲ್ಲಿ ಹಾರ್ನು ಹೊಡೆದವನು ಎಂಬ ಹೆಸರು ಬೇಡ. ಉಟ್ಲಿ ಮೂರನೇ ಹೆಜ್ಜೆ ಇಟ್ಟ. ಎಂಜಿನ್ನು ಗೊಣಗಿತು, ಕೆಮ್ಮಿತು, ಒಮ್ಮೆ ಅಲುಗಿ ನಿಂತೇಹೋಯಿತು.

ಕಾಗೆ ಕೂಗುವುದು ಕೇಳಿಸಿತು. ಉಟ್ಲಿ ಇನ್ನೂ ಎಂಟು ಹೆಜ್ಜೆ ಗಂಭೀರವಾಗಿ ನಡೆದ ಮೇಲೆ, ಹಿಂದೆ ಏನೋ ಕಡಿಮೆಯಾಗಿದೆ ಅನ್ನಿಸಿ ತಿರುಗಿದ.

ಒಂದೂ ಐವತ್ತೆರಡು. ಎರಡೂವರೆಗೆ ಇನ್ನೊಬ್ಬರ ಹೆಣ ಬರುವುದಿತ್ತು. ಅವರ ಜನ ಮೇಲೆ ಕಾಯುತ್ತಿದ್ದರು. ಉಟ್ಲಿ ವಾಪಸು ಬಂದು ಕಿಟಕಿಯ ಹತ್ತಿರ ಟೋಪಿ ತೆಗೆದ. "ಬೇಸರ ಮಾಡ್ಕೋಬೇಡಿ ಹೆಲಿವೆಲ್ಲರೇ. ನಮ್ಮ ಗಾಡಿ ಹಿಂದೇನೇ ಇದೆ. ನಾಲ್ಕು ಜನ ಕೈ ಹಾಕಿದ್ರೆ ಮೂರು ನಿಮಿಷದ ಕೆಲಸ."

"ಪೆಟ್ಟಿಗೆ ಮುಟ್ಟಿದ್ರೆ ಕೈ ಮುರೀತೀನಿ. ಹಿಂದಿನೋರಿಗೆಲ್ಲ ಸರೀರಿ ಅಂತ ಹೇಳಿ."

ಡೊರೀನ್ ಆಗಲೇ ಕಾರಿನಿಂದಿಳಿದು ಎರಡೂ ಕೈ ಬೀಸುತ್ತ ಕಾರುಗಳನ್ನು ಹಿಂದಕ್ಕೆ ಅಟ್ಟುತ್ತಿದ್ದಳು. ಎಷ್ಟು ಸರಿದರೂ ಸಿಕ್ಕಿದ್ದು ಮೂವತ್ತು ಗಜ. ಅದರಾಚೆ ಗೇಟಿನ ಕಲ್ಲುಗೋಡೆ. ಸ್ಟಾರ್ಟರ್ ಇಲ್ಲ. ಒಂದೇ ಸಲ ಹಿಂದಕ್ಕೆ ಉರುಳಬಹುದು, ಒಂದೇ ಸಲ ಕ್ಲಚ್ಚು ಬಿಡಬಹುದು. ತಪ್ಪಿದರೆ ಉಟ್ಲಿಯ ಕರಿ ಕಾರೇ ಗತಿ, ಆಮೇಲೆ ಎಲ್ಲರೆದುರು ನಿಂತು ನಾಲ್ಕು ಸ್ಟ್ರೋಕೇ ಮೇಲು ಎಂದು ಹೇಳುವುದು.

ಕ್ಲಿಫರ್ಡ್ ಬ್ರೇಕು ಬಿಟ್ಟ. ಲಾರಿ ಹಿಂದಕ್ಕೆ ಉರುಳಿತು. ಐದು ಗಜ, ಹತ್ತು ಗಜ. ಪೆಟ್ಟಿಗೆ ಹಗ್ಗದಲ್ಲಿ ಕಿರುಗುಟ್ಟಿತು. ಐರೀನ್ ಕಣ್ಣು ಮುಚ್ಚಿದಳು. ಇಪ್ಪತ್ತು, ಇಪ್ಪತ್ತೈದು ಗಜ. ಕ್ಲಿಫರ್ಡನ ತಲೆಯ ತುಂಬ ಗೋಡೆ, ಗಡಿಯಾರ, ಸೆಲ್ವಿನ್ನನ ನಗು. ಕೈ ಮಾತ್ರ ತನ್ನ ಪಾಡಿಗೆ ತಾನು, ಹನ್ನೊಂದು ವರ್ಷದ ಭಾನುವಾರಗಳಲ್ಲಿ ಎಲ್ಲಿಗೆ ಹೋಗುತ್ತಿತ್ತೋ ಅಲ್ಲಿಗೇ ಹೋಯಿತು. ಎರಡನೇ ಗೇರು. ಕ್ಲಚ್ಚು ಬಿಟ್ಟ.

ಧಡ್! ಕುಟ್ಟಾಣಿ ಹೊತ್ತಿಕೊಂಡಿತು. ಕ್ಲಿಫರ್ಡ್ ಕ್ಲಚ್ಚು ಒತ್ತಿ, ಬ್ರೇಕು ಒತ್ತಿ, "ಬಂತು!" ಎಂದು ಕಿರುಚಿದ. ಮರುಕ್ಷಣ ಲಾರಿಯ ಮೂತಿಯ ಜಾಲರಿಯಿಂದ, ಗಾಳಿ ಸೇದಬೇಕಾದ ಬಾಯಿಯಿಂದ, ಬುಸ್ಸಂತ ಕರೀ ಹೊಗೆ ಚಿಮ್ಮಿತು. ಲಾರಿಯ ಜೊತೆಗೇ ಇಳಿದು ಬಂದು, ಸರಿಯಾಗಿ ಎದುರಿಗೇ ನಿಂತಿದ್ದ ಉಟ್ಲಿಯ ಮುಖಕ್ಕೆ, ಮೂರು ತಲೆಮಾರಿನ ಬಿಳಿ ಅಂಗಿಗೆ. ಸಂಘದವರ ಕಾರುಗಳಿಂದ ಅಯ್ಯೋ ಎಂಬ ಉದ್ಗಾರ ಒಟ್ಟಿಗೇ ಎದ್ದಿತು. ಅವರೆಲ್ಲರಿಗೂ ಭಾಷಣ ಬಾಯಿಪಾಠವಿತ್ತಲ್ಲ.

"ಉಲ್ಟಾ ಹೊತ್ಕೊಂಡಿದೆ ಅಲ್ವಾ?" ಐರೀನ್ ಅವನ ಎಡಗಿವಿಗೆ ಬಾಯಿಟ್ಟು ಕೂಗಿದಳು. ನಲವತ್ತು ವರ್ಷ ಈ ಇಬ್ಬರಿಗೆ ಟೀ ಬಗ್ಗಿಸಿದವಳು. ಡಿಪೋದ ಅರ್ಧ ಮೆಕ್ಯಾನಿಕ್ಕುಗಳಿಗಿಂತ ಅವಳಿಗೆ ಹೆಚ್ಚು ಗೊತ್ತಿತ್ತು.

"ಹೂಂ."

"ಆರಿಸು ಮತ್ತೆ!"

"ಆರಿಸಿದ್ರೆ ಮುಗೀತು. ಇನ್ನೊಂದ್ಸಲ ಉರುಳೋಕೆ ಜಾಗ ಇಲ್ಲ."

ಐರೀನ್ ಎಣ್ಣೆಯ ಮೀಟರು ನೋಡಿದಳು. ಮುಳ್ಳು ಸೊನ್ನೆಯ ಮೇಲೆ ಅಂಗಾತ ಮಲಗಿತ್ತು.

"ಸಾಯುತ್ತೆ ಕಣೋ ಅದು!"

"ಗೊತ್ತು."

"ಅವನಂತೂ ಸತ್ತಿದ್ದಾನೆ. ಸತ್ತೋನಿಗೋಸ್ಕರ ಇದನ್ನ ಯಾಕೆ ಸಾಯಿಸ್ತೀಯ? ಉಟ್ಲಿ ಕಾರಿಗೆ ಹಾಕೋಣ. ನೀನೇನೂ ಹೇಳೋದು ಬೇಡ, ನಾನೇ ಎಲ್ಲರ ಬಾಯಿ ಮುಚ್ಚಿಸ್ತೀನಿ."

ಕ್ಲಿಫರ್ಡ್ ಸೀಟಿನ ಕೆಳಗೆ ಆ ಗುದ್ದು ಕೇಳಿಸಿಕೊಂಡ. ಬಲಗಿವಿ ಹೋದರೂ ಅಂಡಿನಿಂದ ಕೇಳಿಸಿಕೊಳ್ಳುತ್ತಿದ್ದ ಸದ್ದು ಅದು. ಈ ಲಾರಿ ಕೈಗೆ ಬಂದು ನಲವತ್ತೊಂದು ವರ್ಷ. ಡೊರೀನಳ ಮೂವತ್ತು ಬೇಸಿಗೆ. ಇನ್ನೊಂದು ಕ್ರ್ಯಾಂಕಿಲ್ಲ, ಇನ್ನೊಂದು ಎಂಜಿನ್ನಿಲ್ಲ. ಅವನಿಗೆ ಸಿಟ್ಟು ಬಂತು. ಯಾರ ಮೇಲೆ ಅಂದರೆ ಹಿಂದೆ ಪೆಟ್ಟಿಗೆಯಲ್ಲಿ ಆರಾಮಾಗಿ ಮಲಗಿದವನ ಮೇಲೆ. ಈ ಎಂಜಿನ್ನಿಗಿಂತ ಆ ಬಡ್ಡಿಮಗನೇ ತನಗೆ ಹೆಚ್ಚು ಎಂಬುದು ಅರವತ್ತು ವರ್ಷ ಗೊತ್ತಾಗದೆ, ಈಗ, ಎಣ್ಣೆ ಇಲ್ಲದ ಎಂಜಿನ್ನಿನ ಮೇಲೆ ಕೂತು ಗೊತ್ತಾಗಬೇಕೇ!

"ಮಾತು ಕೊಟ್ಟಿದ್ದೀನಿ ಐರೀನ್," ಎಂದು ರಿವರ್ಸ್ ಗೇರು ಹಾಕಿದ.

ಲಾರಿ ಮುಂದಕ್ಕೆ ಹೊರಟಿತು. ರಿವರ್ಸ್ ಗೇರಂದರೆ ಎಲ್ಲಕ್ಕಿಂತ ನಿಧಾನದ ಗೇರು, ಎಲ್ಲಕ್ಕಿಂತ ಗಟ್ಟಿ. ಎಂಜಿನ್ನು ಜೋರಾಗಿ ತಿರುಗುತ್ತಿತ್ತು, ಚಕ್ರ ಮಾತ್ರ ಮನುಷ್ಯ ನಡೆಯುವಷ್ಟೇ ವೇಗದಲ್ಲಿ ಉರುಳುತ್ತಿತ್ತು. ಉಟ್ಲಿಗೆ ಬೇಕಾಗಿದ್ದೂ ಅದೇ ವೇಗ. ಅವನ ಬಗ್ಗೆ ಒಂದು ಒಳ್ಳೆಯ ಮಾತು ಹೇಳಲೇಬೇಕು. ಕಪ್ಪು ಮುಖ, ಕಪ್ಪು ಅಂಗಿ, ಬೆನ್ನಿಗೆ ಬುಸುಬುಸು ಹೊಗೆ. ಆದರೂ ಟೋಪಿ ತಲೆಗಿಟ್ಟು, ಕೋಲು ಎತ್ತಿ, ಒಂದು ಹೆಜ್ಜೆಯೂ ತಪ್ಪದೆ ಮುನ್ನೂರು ಗಜ ನಡೆದ. ಹಿಂದೆ ಸಂಘದವರು ಕಾರಿನಿಂದಿಳಿದು ನಡೆದು ಬಂದರು, ಟೋಪಿ ಕೈಯಲ್ಲಿ ಹಿಡಿದು. ಸೆಲ್ವಿನ್ನನಿಗಾಗಿ ತೆಗೆದದ್ದೋ ಎಂಜಿನ್ನಿಗಾಗಿ ತೆಗೆದದ್ದೋ, ಅವರನ್ನೇ ಕೇಳಿ.

ಇನ್ನೂರು ಗಜ ಮುಗಿಯುವಾಗ ಗುದ್ದಿನ ನಡುವೆ ಒಂದು ಕೀರಲು ದನಿ ಸೇರಿತು. ಇನ್ನೂರೈವತ್ತಕ್ಕೆ ಸೀಟು ಸುಡತೊಡಗಿತು. "ಇನ್ನು ಸ್ವಲ್ಪ ಕಣೇ, ಇನ್ನು ಸ್ವಲ್ಪ," ಎಂದು ಕ್ಲಿಫರ್ಡ್ ಗೊಣಗುತ್ತಿದ್ದ. ಐರೀನ್ ಅವನ ತೋಳು ಹಿಡಿದುಕೊಂಡಿದ್ದಳು. ಚಿತಾಗಾರದ ಬಾಗಿಲ ಎದುರಿನ ಸಮತಟ್ಟು ನೆಲಕ್ಕೆ ಮುಂದಿನ ಚಕ್ರ ಏರಿತು, ಹಿಂದಿನ ಚಕ್ರ ಏರಿತು. ಒಳಗೆ ಕಬ್ಬಿಣ ಕಬ್ಬಿಣವನ್ನು ಕಚ್ಚಿದ ಒಂದು ಕಿರುಚು, ಒಂದು ಧಡ್. ಲಾರಿ ಮುಗ್ಗರಿಸಿ ನಿಂತಿತು.

ಗೋಡೆಯ ಗಡಿಯಾರದಲ್ಲಿ ಎರಡಕ್ಕೆ ಎರಡು ನಿಮಿಷವಿತ್ತು.

ಒಳಗೆ ಪಾದ್ರಿಯಮ್ಮ ಚಿಕ್ಕದಾಗಿ ಪ್ರಾರ್ಥನೆ ಮುಗಿಸಿ, ಒಂದು ಲಕೋಟೆ ತೆಗೆದಳು. "ಸೆಲ್ವಿನ್ ಅವರು ತಮ್ಮ ಸ್ನೇಹಿತ ಕ್ಲಿಫರ್ಡ್ ಅವರಿಗೆ ಎರಡು ಸಾಲು ಬರೆದಿಟ್ಟಿದ್ದಾರೆ," ಎಂದು ಕನ್ನಡಕ ಸರಿ ಮಾಡಿಕೊಂಡು ಓದಿದಳು. "'ಬಂದುಬಿಟ್ಯೇನೋ? ಹಾಗಾದ್ರೆ ಏನೋ ಮೋಸ ಮಾಡಿದ್ದೀಯ.'"

ಡಿಪೋದವರ ಸಾಲಿನಲ್ಲಿ ಯಾರೋ ಕಿಸಕ್ಕೆಂದರು. ಅಷ್ಟೇ, ಇಡೀ ಕೋಣೆ ಬಿದ್ದು ಬಿದ್ದು ನಕ್ಕಿತು. ಮಸಿ ಮುಖದ ಉಟ್ಲಿ ಗೋಡೆಗೆ ಒರಗಿ ನಕ್ಕ. ಎರಡೂವರೆಯ ಹೆಣದವರು ಹೊರಗಿನಿಂದ ಇಣುಕಿ ನೋಡಿ, ತಪ್ಪು ಕಡೆಗೆ ಬಂದೆವೇನೋ ಎಂದು ಗಾಬರಿಯಾದರು. ಕ್ಲಿಫರ್ಡ್ ನಗುತ್ತಲೇ ಇದ್ದ, ನಗುತ್ತಲೇ ಮೂಗು ಒರೆಸಿಕೊಂಡ.

ಹೊರಗೆ ಬಂದ ಮೇಲೆ ಎಲ್ಲರೂ ಸಾಲಾಗಿ ಐರೀನಳ ಕೈ ಕುಲುಕಿದರು. ಕುಲುಕಿದವರು ಮನೆಗೆ ಹೋಗಲಿಲ್ಲ. ಹೋಗಿ ಲಾರಿಯ ಪಕ್ಕ ಇನ್ನೊಂದು ಸಾಲು ಕಟ್ಟಿದರು. ಅಲ್ಲಿ ಕ್ಲಿಫರ್ಡ್ ನಿಂತಿದ್ದ. ಒಬ್ಬೊಬ್ಬರೇ ಬಂದು ಅವನ ಕೈ ಹಿಡಿದು, "ಒಳ್ಳೇ ಜೀವ ಕಣಯ್ಯ," "ಹೆಚ್ಚು ನರಳಲಿಲ್ಲ ಬಿಡು," ಎಂದು ಹೇಳಿ, ಸೀಟಿನ ಕೆಳಗಿನ ಮುಚ್ಚಳ ಮುಟ್ಟಿ ಮುಂದೆ ಹೋದರು. ಒಬ್ಬನಂತೂ, "ರಿವರ್ಸ್ ಗೇರಲ್ಲಿ ಹತ್ತಿದ್ದು ಲೆಕ್ಕಕ್ಕೆ ಬರುತ್ತಾ?" ಎಂದು ವಾದ ತೆಗೆದ. ಆ ವಾದ ಹ್ಯಾಮ್ ಸ್ಯಾಂಡ್‌ವಿಚ್ಚು, ಬಿಯರು ಎಲ್ಲ ಮುಗಿದರೂ ಮುಗಿಯಲಿಲ್ಲ. ನಮ್ಮೂರಿನ ಹೆಂಡದಂಗಡಿಯಲ್ಲಿ ಈಗಲೂ ನಡೆಯುತ್ತಿದೆ.

ಸಾಲಿನ ಕೊನೆಯಲ್ಲಿ ಐರೀನ್ ಇದ್ದಳು. ತನ್ನ ಕಡೆಯ ಸಾಲು ಮುಗಿದ ಮೇಲೆ ಇಲ್ಲಿ ಬಂದು ನಿಂತಿದ್ದಳು. ಕೈಗವಸು ತೆಗೆದು ಮುಚ್ಚಳದ ಮೇಲೆ ಅಂಗೈ ಇಟ್ಟಳು. "ಇನ್ನೂ ಬೆಚ್ಚಗಿದೆ," ಅಂದಳು.

ಕ್ಲಿಫರ್ಡ್ ಮುಚ್ಚಳವನ್ನೇ ನೋಡುತ್ತ ಕೇಳಿದ. "ತಡವಾಗಿದ್ರೆ ಓದೋಕೆ ಅಂತ ಬೇರೆ ಕಾಗದಾನೂ ಬರೆದಿರ್ಬೇಕಲ್ಲ, ಅದರಲ್ಲಿ ಏನಿತ್ತು? ಚೆನ್ನಾಗಿ ಬೈದಿರ್ತಾನೆ."

"ಇನ್ನೊಂದು ಬರೀಲೇ ಇಲ್ಲ. ನಾನೂ ಕೇಳ್ದೆ. ಸುಮ್ನೆ ಕಾಗದ ದಂಡ ಅಂದ." ಐರೀನ್ ಕೈಗವಸು ಹಾಕಿಕೊಳ್ಳುತ್ತ ನಿಧಾನವಾಗಿ ಹೇಳಿದಳು. "ಭಾನುವಾರ ಒಂಬತ್ತಕ್ಕೆ ನಮ್ಮ ಮಲಗೋ ಕೋಣೆ ಕಿಟಕಿ ತೆಗೀತಿದ್ದ. ಚಳಿಗಾಲದಲ್ಲೂ ಬಿಡ್ತಿರ್ಲಿಲ್ಲ, ನಾನು ಬೈತಿದ್ದೆ. ಕಣಿವೆ ಆ ಕಡೆಯಿಂದ ನಿಂದು ಧಡ್ ಅಂದ ತಕ್ಷಣ, 'ಇನ್ನೂ ಬದುಕಿದ್ದಾನೆ ಬಡ್ಡಿಮಗ' ಅಂತ ಹೇಳಿ, ಕಿಟಕಿ ಹಾಕಿ, ಆಮೇಲೇ ಟೀ ಕುಡೀತಿದ್ದಿದ್ದು."

ಲಾರಿಯನ್ನು ಸಂಘದವರು ಎಳೆದು ತಂದು ಅಂಗಳದಲ್ಲಿ ಬಿಟ್ಟುಹೋದರು. ಅದಿನ್ನು ತಿರುಗುವುದಿಲ್ಲ, ಆ ದಿಕ್ಕಿಗೂ ಇಲ್ಲ, ಈ ದಿಕ್ಕಿಗೂ ಇಲ್ಲ. ಭಾನುವಾರ ಬಂತು. ಒಂಬತ್ತಕ್ಕೆ ಕ್ಲಿಫರ್ಡ್ ಅಭ್ಯಾಸದಂತೆ ಹೊರಗೆ ಹೋಗಿ, ಲಾರಿಯ ಪಕ್ಕ ಸ್ವಲ್ಪ ಹೊತ್ತು ನಿಂತು, ಒಳಗೆ ಬಂದು ಕೂತ. ಚರ್ಚಿನ ಪ್ರಾರ್ಥನೆ ಅವನ ಹಾಳು ಕಿವಿಗೂ ಕೇಳಿಸಿತು. ಎಂಥ ಕೆಟ್ಟ ರಾಗ! ಡೊರೀನ್ ಒಲೆಯ ಮುಂದೆ ಬೇಕನ್ ಹುರಿಯುತ್ತಿದ್ದಳು.

ಒಂಬತ್ತೂ ಐದಕ್ಕೆ ಫೋನು ಬಂತು. ಡೊರೀನ್ ಎತ್ತಿ, ಕೇಳಿ, ಅವನ ಎಡಗಿವಿಗೆ ಹಿಡಿದಳು.

"ಕಿಟಕಿ ತೆಗ್ದು ಕೂತಿದ್ದೀನಿ, ಚಳಿಗೆ ಸಾಯ್ತಾ ಇದ್ದೀನಿ," ಎಂದಳು ಐರೀನ್. "ಏನೂ ಕೇಳಿಸ್ಲಿಲ್ಲ. ಬದುಕಿದ್ದೀಯೋ ಇಲ್ವೋ?"

ಕ್ಲಿಫರ್ಡ್ ಫೋನನ್ನು ಕಿವಿಗೆ ಒತ್ತಿಕೊಂಡ. "ಬದುಕಿದ್ದೀನಿ," ಎಂದ.

"ಸರಿ ಹಾಗಾದ್ರೆ. ಟೀ ಆರ್ತಾ ಇದೆ," ಎಂದು ಅವಳು ಫೋನು ಇಟ್ಟಳು.

ಕ್ಲಿಫರ್ಡ್ ಮೇಜಿನ ಮೇಲೆ ತಲೆಯಿಟ್ಟು ಅತ್ತ. ಈ ಸಲ ಕೆಮ್ಮಲಿಲ್ಲ. ಡೊರೀನ್ ಅವನ ತಲೆ ಸವರಿ, ಸೀದುಹೋಗುತ್ತಿದ್ದ ಬೇಕನ್ ಮಗುಚಲು ಓಡಿದಳು. ಮುಂದಿನ ಭಾನುವಾರ ಅವನು ಒಂಬತ್ತಕ್ಕೆ ಮೊದಲೇ ಫೋನಿನ ಪಕ್ಕ ಕುರ್ಚಿ ಹಾಕಿಕೊಂಡು ಕೂತಿದ್ದ.